‘ಕೆಲಿ ಗೆವೆರ್’ ಎಂದರೆ ಪ್ಯಾಂಟ್ ಅಲ್ಲ

ಹೆಂಗಸರು ಪ್ಯಾಂಟ್ ತೊಡುವುದನ್ನು ಬೈಬಲ್ ನಿಷೇಧಿಸಿದೆ ಎಂದು ವಾದಿಸುತ್ತ ಧರ್ಮೋಪದೇಶಕಾಂಡದ 22:5ನೇ ವಚನವನ್ನು (‘ಹೆಂಗಸು ಗಂಡಸಿನ ಉಡುಪು ತೊಡಬಾರದು, ಗಂಡಸು ಹೆಂಗಸಿನ ಬಟ್ಟೆ ಉಡಬಾರದು’) ಎತ್ತಿ ತೋರಿಸುವವರಲ್ಲಿ ಹೆಚ್ಚಿನವರು ಅದರ ಮೂಲ ಪದಗಳತ್ತ ಕಣ್ಣು ಹಾಯಿಸಿದಂತೆ ಕಾಣುವುದಿಲ್ಲ. ‘ಗಂಡಸಿನ ಉಡುಪು’ ಎಂದು ಅನುವಾದಗಳಲ್ಲಿ ಬರುವ ಹೀಬ್ರೂ ಪದಪುಂಜ ‘ಕೆಲಿ ಗೆವೆರ್’; ಉಡುಪು ಎಂದೇ ಅರ್ಥ ಕೊಡುವ ಪದ ಅದರಲ್ಲಿ ಇಲ್ಲವೇ ಇಲ್ಲ.

‘ಕೆಲಿ’ ಎಂದರೆ ಪಾತ್ರೆ, ಸಲಕರಣೆ, ಆಯುಧ, ಒಡವೆ, ಒಟ್ಟಿನಲ್ಲಿ ಬಳಕೆಯ ವಸ್ತು. ಆದಿಕಾಂಡ 27:3ರಲ್ಲಿ ಇಸಾಕನು ಏಸಾವನಿಗೆ ತೆಗೆದುಕೋ ಎನ್ನುವ ‘ಕೆಲಿ’ಗಳು ಬತ್ತಳಿಕೆ ಮತ್ತು ಬಿಲ್ಲು, ಯೋನಾತಾನನ ಆಯುಧ ಹೊರುವ ಸೇವಕನನ್ನು ಹೆಸರಿಸುವಾಗಲೂ ಇದೇ ಪದ ಬರುತ್ತದೆ. ‘ಗೆವೆರ್’ ಕೂಡ ಗಂಡಸಿಗಿರುವ ಅತಿ ಸಾಮಾನ್ಯ ಪದವಲ್ಲ, ಅಂಥ ಸಾಮಾನ್ಯ ಪದ ‘ಈಶ್’. ಬಲವನ್ನು ಸೂಚಿಸುವ ಧಾತುವಿನಿಂದ ಹುಟ್ಟಿದ ಗೆವೆರ್, ಯೋಧ ಎಂಬರ್ಥದ ‘ಗಿಬ್ಬೋರ್’ಗೆ ಹತ್ತಿರದ ನಂಟು, ಗಬ್ರಿಯೇಲ ಎಂಬ ಹೆಸರಿನಲ್ಲಿರುವುದೂ ಅದೇ ಧಾತು. ಇನ್ನು, ವಚನದ ಎರಡೂ ಭಾಗಗಳು ಒಂದೇ ಅಚ್ಚಿನವಲ್ಲ ಎಂಬುದನ್ನು ಗಮನಿಸಬೇಕು: ಗಂಡಸು ಹೆಂಗಸಿನ ‘ಸಿಮ್ಲಾ’ವನ್ನು, ಅಂದರೆ ಬಟ್ಟೆಯನ್ನು, ‘ಉಡಬಾರದು’ ಎಂದಿದ್ದರೆ, ಹೆಂಗಸಿನ ಮೈಮೇಲೆ ಗಂಡಸಿನ ಕೆಲಿ ‘ಇರಬಾರದು’ ಎಂದಷ್ಟೇ ಇದೆ.

ಈ ವ್ಯತ್ಯಾಸ ಹಳಬರ ಕಣ್ಣಿಗೆ ಬಿದ್ದಿತ್ತು. ಅರಮಾಯಿಕ್ ಅನುವಾದವಾದ ಓಂಕೆಲೋಸನ ತಾರ್ಗುಮ್ ಇಲ್ಲಿ ಆಯುಧವೆಂದೇ ಹೇಳುತ್ತದೆ. ಯೆಹೂದಿ ಧರ್ಮಶಾಸ್ತ್ರದ ಚರ್ಚೆಗಳ ಸಂಗ್ರಹವಾದ ತಾಲ್ಮುದಿನಲ್ಲಿ ಧರ್ಮಗುರು ರಬ್ಬಿ ಎಲಿಯೇಜರ್ ಬೆನ್ ಯಾಕೋಬ್, ಹೆಂಗಸು ಆಯುಧ ಧರಿಸಿ ಯುದ್ಧಕ್ಕೆ ಹೋಗಬಾರದೆಂಬುದನ್ನು ಇದೇ ವಚನದಿಂದ ತೆಗೆಯುತ್ತಾನೆ. ಮಧ್ಯಯುಗದ ಯೆಹೂದಿ ಪಂಡಿತ ‘ರಾಶಿ’ಯ ವ್ಯಾಖ್ಯಾನ ಉಡುಪಿನತ್ತಲೇ ವಾಲುತ್ತದೆ, ನಿಜ. ಆದರೆ ಅವನ ಆತಂಕ ವೇಷ ಮರೆಸಿಕೊಂಡು ಪರಲಿಂಗದವರ ನಡುವೆ ಸೇರಿ ವ್ಯಭಿಚಾರಕ್ಕಿಳಿಯುವುದರ ಬಗ್ಗೆಯೇ ಹೊರತು ಬಟ್ಟೆಯ ಹೊಲಿಗೆಯ ಬಗ್ಗೆ ಅಲ್ಲ. ಮಧ್ಯಯುಗದ ಇನ್ನೊಬ್ಬ ಯೆಹೂದಿ ಪಂಡಿತ ಮೈಮೊನಿಡೀಸನಂತೂ ಇದನ್ನು ವಿಗ್ರಹಾರಾಧಕರು ಶುಕ್ರ ಮತ್ತು ಮಂಗಳ ಗ್ರಹಗಳ ಮುಂದೆ ನಡೆಸುತ್ತಿದ್ದ ವೇಷಬದಲಿನ ಆಚರಣೆಗೆ ಜೋಡಿಸುತ್ತಾನೆ. ಪ್ಯಾಂಟಿನ ವಾದಿಗಳಿಗೆ ಇನ್ನೊಂದು ತೊಡಕೂ ಇದೆ: ಮೋಶೆಯ ಧರ್ಮಶಾಸ್ತ್ರದಲ್ಲಿ ಕಾಲುಡುಪಿನ ಪ್ರಸ್ತಾಪ ಬರುವುದು ಗಂಡಸರ ಸಾಮಾನ್ಯ ಉಡುಪಾಗಿ ಅಲ್ಲ, ಯಾಜಕರು ಒಳಗೆ ತೊಡಬೇಕಾದ ನಾರುಬಟ್ಟೆಯ ಚಲ್ಲಣದ ವಿಷಯದಲ್ಲಿ, ಅದೂ ಸೊಂಟದಿಂದ ತೊಡೆಯವರೆಗೆ ಮಾತ್ರ.

ಕ್ರೈಸ್ತ ಪರಂಪರೆಯೂ ಒಂದೇ ದನಿಯಲ್ಲಿ ಮಾತನಾಡಿಲ್ಲ. 4ನೇ ಶತಮಾನದಲ್ಲಿ ಗಂಗ್ರಾ ಎಂಬಲ್ಲಿ ಸೇರಿದ ಬಿಷಪರ ಸಭೆ, ವೈರಾಗ್ಯದ ಹೆಸರಿನಲ್ಲಿ ಗಂಡುಡುಪು ತೊಡುವ ಹೆಂಗಸರಿಗೆ ಬಹಿಷ್ಕಾರ ಸಾರಿತು. 13ನೇ ಶತಮಾನದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್, ಶತ್ರುಗಳಿಂದ ಅಡಗಲು ಅಥವಾ ಬೇರೆ ಬಟ್ಟೆಯಿಲ್ಲದೆ ಹಾಗೆ ಮಾಡಿದರೆ ಪಾಪವಲ್ಲವೆಂದ.

ಇಸ್ಲಾಮಿನ ‘ತಶಬ್ಬುಹ್’ ಅನ್ನು, ಅಂದರೆ ಅನುಕರಣೆಯ ನಿಷೇಧವನ್ನು, ಇದರೊಂದಿಗೆ ಕಲಸುವ ಚಾಳಿಯೂ ಉಂಟು. ಬುಖಾರಿ ಸಂಗ್ರಹದ ಹದೀಸ್ (ಪ್ರವಾದಿಯ ನಡೆನುಡಿಯ ವರದಿ) ಹೆಂಗಸರನ್ನು ಅನುಕರಿಸುವ ಗಂಡಸರನ್ನೂ ಗಂಡಸರನ್ನು ಅನುಕರಿಸುವ ಹೆಂಗಸರನ್ನೂ ಶಪಿಸುತ್ತದೆ. ಇಲ್ಲಿ ಎರಡೂ ಕಡೆಗೆ ಒಂದೇ ಪದ, ಮತ್ತು ಆ ಪದ ಬರಿಯ ಹೋಲಿಕೆಯನ್ನಲ್ಲ, ಬೇಕೆಂದು ಮಾಡುವ ಅನುಕರಣೆಯನ್ನು ಹೇಳುತ್ತದೆ. ಉಡುಪಿನ ರೂಪ ಆಯಾ ನಾಡಿನ ರೂಢಿಯಂತೆ ಬೇರೆಯಾಗುತ್ತದೆ ಎಂದು ಹದೀಸ್ ಪಂಡಿತ ಇಬ್ನ್ ಹಜರ್ ಇದಕ್ಕೆ ವ್ಯಾಖ್ಯಾನ ಬರೆದಿದ್ದಾನೆ. ಗಂಡಸರಿಗೆ ರೇಷ್ಮೆಯೂ ಚಿನ್ನವೂ ಸಲ್ಲವೆಂಬ ನಿಯಮ ಬೇರೆ ಹದೀಸುಗಳಿಂದ ಬಂದದ್ದು. ಅದನ್ನು ತಶಬ್ಬುಹ್ ಎನ್ನುವುದು ಸರಿಯಲ್ಲ.