ಲೊಕೇಶನ್ ಬೇಡ, ಟೈಮ್ ಕೇಳಿ

ನನ್ನ ಫೋನಿಗೆ ಬರುವ ಮೆಸೇಜುಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ಥರ ಇರುತ್ತವೆ. "ಅಣ್ಣ, ಮಾಟುಂಗಾ ಸೈಡ್ ಒಳ್ಳೆ ಫೋಟೋ ಸ್ಪಾಟ್ ಇದ್ರೆ ಪಿನ್ ಕಳಿಸಿ." ಕಳಿಸುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಹೋಗಿ ನಿಂತು, "ಇಲ್ಲೇನೂ ಇಲ್ಲವಲ್ಲ ಅಣ್ಣ" ಅಂತ ಇನ್ನೊಂದು ಮೆಸೇಜು. ಹೌದು ಮಾರಾಯ್ರೆ, ಆ ಹೊತ್ತಿಗೆ ಅಲ್ಲಿ ಏನೂ ಇರುವುದಿಲ್ಲ. ನೀವು ಎಲ್ಲಿ ಅಂತ ಕೇಳಿದಿರಿ. ಎಷ್ಟು ಹೊತ್ತಿಗೆ ಅಂತ ಕೇಳಲೇ ಇಲ್ಲ.

ಮುಂಬೈಯಲ್ಲಿ ಮದುವೆ, ನಾಮಕರಣ, ಪ್ರೀ-ವೆಡ್ಡಿಂಗ್ ಶೂಟ್ ಮಾಡಿಕೊಂಡು ಬದುಕುವವನು ನಾನು. ಯಾವ ಕ್ಯಾಮೆರಾ, ಯಾವ ಲೆನ್ಸ್ ಅಂತ ಇಲ್ಲಿ ಬರೆಯುವುದಿಲ್ಲ. ಅದನ್ನು ಹೇಳುವವರು ಯೂಟ್ಯೂಬ್ ತುಂಬ ಇದ್ದಾರೆ, ಫೋನಿನಲ್ಲಿ ತೆಗೆದರೂ ನನ್ನ ತಕರಾರಿಲ್ಲ. ಯಾವ ಹೊತ್ತಿಗೆ ಯಾವ ಕಡೆಯಿಂದ ಬಿಸಿಲು ಬೀಳುತ್ತದೆ ಅನ್ನುವ ವಿಷಯ ಒಂದು ತಲೆಗೆ ಹೋದರೆ ಸಾಕು.

ವಿಟಿ ಸ್ಟೇಷನ್ನನ್ನೇ ತಗೊಳ್ಳಿ, ಈಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಅನ್ನುತ್ತಾರಲ್ಲ, ಅದೇ. ಧಾರವಾಡದ ಕಡೆಯ ಒಂದು ಕುಟುಂಬ, ಮಗಳ ನಿಶ್ಚಿತಾರ್ಥದ ಫೋಟೋ. ಹುಡುಗಿಯ ತಾಯಿಗೆ ಮಂದಿ ಕಾಣಬಾರದು, ಸ್ಟೇಷನ್ ಪೂರ್ತಿ ಕಾಣಬೇಕು, ಹಾಗಾಗಿ ಬೆಳಗ್ಗೆ ಬೇಗನೇ ಆಗಬೇಕು. ಸಂಜೆ ಬನ್ನಿ ಅಂತ ನಾನು ಹೇಳಿದ್ದೆ. "ಸಂಜೀಕ ಮಂದಿ ಭಾಳ ಇರ್ತಾರ್ರಿ, ಬ್ಯಾಡ." ಸರಿ ಅಂದೆ. ಬೆಳಗ್ಗೆ ಮೊದಲ ಫೋಟೋ ನೋಡಿದ ಕೂಡಲೇ ಅವರು ಕೇಳಿದ್ದು, "ಬಿಲ್ಡಿಂಗ್ ಯಾಕ ಕಪ್ಪ ಬಂದೈತ್ರಿ?"

ಯಾಕೆ ಅಂದರೆ ವಿಟಿಯ ಮುಖ ಪಡುವಣಕ್ಕಿದೆ. ಬೆಳಗ್ಗೆ ಸೂರ್ಯ ಅದರ ಬೆನ್ನ ಹಿಂದೆ ಇರುತ್ತಾನೆ. ನಾವು ನಿಂತು ನೋಡುವ ಆ ಕೆತ್ತನೆ, ಕಮಾನು, ಮೊಗಸಾಲೆ ಎಲ್ಲ ನೆರಳಿನಲ್ಲಿ, ಹಿಂದಿನ ಆಕಾಶ ಮಾತ್ರ ಬೆಳ್ಳಗೆ. ಹುಡುಗನ ತಂದೆ ಸುಮ್ಮನಿರಲಿಲ್ಲ. "2004ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ ಅಂತಾರೆ, ಯಾವಾಗ ತೆಗೆದರೂ ಚೆನ್ನಾಗೇ ಬರಬೇಕಲ್ಲ?" ಯುನೆಸ್ಕೋಗೂ ಸೂರ್ಯನಿಗೂ ಏನು ಸಂಬಂಧ ಹೇಳಿ. ಎಂಟು ಗಂಟೆಯ ಹೊತ್ತಿಗೆ ನಾನು ಜೋಡಿಯನ್ನು ಅಲ್ಲೇ ತಿರುಗಿಸಿ ನಿಲ್ಲಿಸಿದೆ. ರಸ್ತೆಯಾಚೆ ಇರುವುದು ಮಹಾನಗರ ಪಾಲಿಕೆಯ ಕಟ್ಟಡ. ವಿಟಿಯ ನಕ್ಷೆ ಬರೆದ ಎಫ್.ಡಬ್ಲ್ಯೂ. ಸ್ಟೀವನ್ಸ್ ಅವರೇ ಅದಕ್ಕೂ ನಕ್ಷೆ ಬರೆದದ್ದು, 1893ರಲ್ಲಿ ಮುಗಿದದ್ದು. ಅದರ ಗೋಪುರದ ಮೇಲೆ ಹಳದಿ ಬಿಸಿಲು ಬಿದ್ದಿತ್ತು. ಆಲ್ಬಮ್ಮಿನಲ್ಲಿ ಕೊನೆಗೆ ಹೋದದ್ದು ಆ ಫೋಟೋಗಳೇ. ನೋಡಿದವರೆಲ್ಲ ಅದನ್ನು ವಿಟಿ ಅಂದುಕೊಳ್ಳುತ್ತಾರಂತೆ, ತಾಯಿಯೂ ತಿದ್ದಲು ಹೋಗುವುದಿಲ್ಲ.

ಗೇಟ್‌ವೇ ಆಫ್ ಇಂಡಿಯಾದಲ್ಲೂ ಇದೇ ಕಥೆ. ಬೆಳಗ್ಗೆ ಊರಿನ ಕಡೆ ನಿಂತು ತೆಗೆದರೆ ಬಿಸಿಲು ಸಮುದ್ರದ ಕಡೆಯಿಂದ, ಕಮಾನಿನ ಹಿಂದಿನಿಂದ ಬರುತ್ತದೆ. ಕಪ್ಪು ಆಕೃತಿ ಬೇಕು ಅಂತಲೇ ಹೋದರೆ ಅದಕ್ಕಿಂತ ಒಳ್ಳೆ ಹೊತ್ತಿಲ್ಲ. ಮದುಮಗಳ ಸೀರೆಯ ಬಣ್ಣ ಕಾಣಬೇಕು ಅಂದರೆ ಬೇಡ.

ಇವು ದೊಡ್ಡ ಕಟ್ಟಡಗಳು, ಹೇಳಿದರೆ ಜನಕ್ಕೆ ಅರ್ಥವಾಗುತ್ತದೆ. ನಾನು ತಲೆ ಚಚ್ಚಿಕೊಳ್ಳುವುದು ಓಣಿಗಳ ವಿಷಯಕ್ಕೆ. ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಅದೇ ತಪ್ಪು ಮಾಡುತ್ತಾರೆ.

ನಿಮ್ಮ ಓಣಿ ಯಾವ ದಿಕ್ಕಿಗೆ ಓಡುತ್ತದೆ ಅಂತ ಮೊದಲು ನೋಡಿ. ಉತ್ತರ-ದಕ್ಷಿಣ ಓಡುವ ಓಣಿಯಾದರೆ ಲೆಕ್ಕ ಸುಲಭ. ಬೆಳಗ್ಗೆ ಪಶ್ಚಿಮದ ಸಾಲಿನ ಅಂಗಡಿಗಳ ಮುಖಕ್ಕೆ ಬಿಸಿಲು, ಸಂಜೆ ಪೂರ್ವದ ಸಾಲಿಗೆ. ನಡು ಮಧ್ಯಾಹ್ನ ಸ್ವಲ್ಪ ಹೊತ್ತು ನೆಲಕ್ಕೂ ಬೀಳುತ್ತದೆ, ವರ್ಷವಿಡೀ. ಪೂರ್ವ-ಪಶ್ಚಿಮ ಓಣಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಡಿಸೆಂಬರಿನಲ್ಲಿ ಮುಂಬೈಯ ಸೂರ್ಯ ಇಡೀ ದಿನ ದಕ್ಷಿಣಕ್ಕೆ ವಾಲಿರುತ್ತಾನೆ. ಮಧ್ಯಾಹ್ನ ನೆತ್ತಿಯ ಮೇಲೆ ಬರುವುದೇ ಇಲ್ಲ, ಆಕಾಶದ ಅರ್ಧ ಎತ್ತರಕ್ಕೆ ಬಂದರೆ ಹೆಚ್ಚು. ಆಗ ಕಟ್ಟಡದ ನೆರಳು ಹೆಚ್ಚು ಕಡಿಮೆ ಅದರ ಎತ್ತರದಷ್ಟೇ ಉದ್ದ. ದಕ್ಷಿಣದ ಸಾಲಿನಲ್ಲಿ ನಾಲ್ಕು ಮಾಳಿಗೆ ಇದ್ದರೆ ಇಡೀ ಓಣಿ ಮುಚ್ಚಿಹೋಯಿತು. ಎದುರು ಸಾಲಿನ ಮೇಲಿನ ಬಾಲ್ಕನಿಗಳಿಗೆ ಮಾತ್ರ ಬಿಸಿಲು. ಅದೇ ಓಣಿಗೆ ಮೇ ತಿಂಗಳಲ್ಲಿ ಬನ್ನಿ, ಸೂರ್ಯ ನೆತ್ತಿಯ ಮೇಲೆ, ನೆಲವೆಲ್ಲ ಸುಡುತ್ತಿರುತ್ತದೆ. ಜಾಗ ಅದೇ, ಪಿನ್ ಅದೇ. ಡಿಸೆಂಬರಿನಲ್ಲಿ ಯಾರೋ ಹಾಕಿದ ಫೋಟೋ ನೋಡಿ ಮೇನಲ್ಲಿ ಹೋದರೆ ಆ ಫೋಟೋ ಸಿಗುವುದಿಲ್ಲ. ಮತ್ತೆ ಹೇಳುತ್ತೇನೆ, ಸಿಗುವುದಿಲ್ಲ.

ಮರೀನ್ ಡ್ರೈವ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಮುಂಬೈಯಲ್ಲಿ ಸೂರ್ಯ ಮುಳುಗುವ ಜಾಗ ಡಿಸೆಂಬರಿನಿಂದ ಜೂನ್‌ಗೆ ಸುಮಾರು 50 ಡಿಗ್ರಿ ಸರಿಯುತ್ತದೆ. ಮರೀನ್ ಲೈನ್ಸ್ ಸ್ಟೇಷನ್ ಎದುರಿನ ಕಟ್ಟೆ ಮೇಲೆ ಕೂತರೆ ಡಿಸೆಂಬರಿನಲ್ಲಿ ಸೂರ್ಯ ನೇರ ಸಮುದ್ರಕ್ಕೆ ಇಳಿಯುತ್ತಾನೆ. ಮೇ ತಿಂಗಳಲ್ಲಿ ಅದೇ ಕಟ್ಟೆಯಿಂದ ನೋಡಿದರೆ ಮಲಬಾರ್ ಹಿಲ್ ಕಟ್ಟಡಗಳ ಹಿಂದೆ ಹೋಗಿಬಿಡುತ್ತಾನೆ. ಆಗ ಸಮುದ್ರವೇ ಬೇಕು ಅಂದರೆ ನರಿಮನ್ ಪಾಯಿಂಟ್ ತುದಿಯವರೆಗೆ ನಡೆಯಬೇಕು. ಚಳಿಗಾಲದಲ್ಲಿ ಇನ್ನೊಂದು ಕಾಟ, ದಿಗಂತದ ಹತ್ತಿರ ಧೂಳು-ಹೊಗೆ ಎಷ್ಟಿರುತ್ತದೆ ಅಂದರೆ ನೀರು ಮುಟ್ಟುವ ಮೊದಲೇ ಸೂರ್ಯ ಮಾಯ. ಅದಕ್ಕೇ ಗಿರಾಕಿಗಳಿಗೆ ಸೂರ್ಯಾಸ್ತದ ಭರವಸೆ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಪ್ರಯತ್ನ ಮಾಡೋಣ ಅನ್ನುತ್ತೇನೆ, ಅಷ್ಟೇ.

ಸೂರ್ಯನ ದಾರಿ ತೋರಿಸುವ ಆ್ಯಪ್‌ಗಳಿವೆ, ನಾನೂ ಬಳಸುತ್ತೇನೆ. ಆದರೆ ಎದುರಿಗೆ ಹೊಸದಾಗಿ ಎದ್ದ ಟವರ್ ಅದಕ್ಕೆ ಗೊತ್ತಿರಬೇಕಲ್ಲ. ಮಾಟುಂಗಾದಲ್ಲಿ ಹಳೆಯ ಮೂರು-ನಾಲ್ಕು ಮಾಳಿಗೆಯ ಮನೆಗಳು ಒಂದೊಂದಾಗಿ ರೀಡೆವಲಪ್‌ಮೆಂಟ್‌ಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟುವುದಕ್ಕೆ, ಹೋಗುತ್ತಿವೆ. ಬೆಳಗ್ಗೆ ಎಂಟಕ್ಕೆ ಬಿಸಿಲು ಬರುತ್ತಿದ್ದ ಗೋಡೆಗೆ ಈಗ ಹತ್ತಾದರೂ ಇಲ್ಲ. ಇಂಥದ್ದಕ್ಕೆಲ್ಲ ನಾನು ಕೇಳುವುದು ಆ ಬಿಲ್ಡಿಂಗಿನ ಮಾಮಿಯರನ್ನು. ಬಟ್ಟೆ, ಹಪ್ಪಳ, ಸಂಡಿಗೆ ಒಣಗಿಸುವವರು ಅವರು. "ಈ ಬಾಲ್ಕನಿಗೆ ಒಂಬತ್ತೂವರೆಯಿಂದ ಹನ್ನೊಂದು, ಮಾಘದಲ್ಲಿ ಇನ್ನೂ ಸ್ವಲ್ಪ ಜಾಸ್ತಿ" ಅಂತ ಒಬ್ಬರು ಹೇಳಿದ್ದನ್ನು ನಾನು ಬರೆದಿಟ್ಟುಕೊಂಡೆ, ನಿಮಿಷ ತಪ್ಪಲಿಲ್ಲ. ಮಾತಾಡಿಸಿದರೆ ಕಾಫಿಯೂ ಸಿಗುತ್ತದೆ. ಮಗಳ ಜಾತಕಕ್ಕೆ ಒಂದು ಪಾಸ್‌ಪೋರ್ಟ್ ಸೈಜ್ ತೆಗೆದುಕೊಡು ಅನ್ನುತ್ತಾರೆ, ತೆಗೆದುಕೊಡಿ.

ಇನ್ನು, ಬಿಸಿಲೇ ಬೇಕು ಅಂತ ಯಾರು ಹೇಳಿದ್ದು? ಮುಖದ ಫೋಟೋಗೆ ನನಗೆ ಇಷ್ಟದ ಜಾಗ ಮಾಟುಂಗಾದ ಫ್ಲೈಓವರ್ ಕೆಳಗಿನ ಗಾರ್ಡನ್. ನರ್ಮದಾ ನದಿಯ ಥರ ಬಳುಕುವ ನಡೆದಾರಿ ಮಾಡಿದ್ದಾರಲ್ಲ, ಅದೇ. ಮೇಲೆ ಕಾಂಕ್ರೀಟ್ ಚಪ್ಪರ, ಹಾಗಾಗಿ ನೆತ್ತಿಯಿಂದ ಬೆಳಕು ಬೀಳುವುದಿಲ್ಲ, ಕಣ್ಣ ಕೆಳಗೆ ಕಪ್ಪು ಗುಳಿ ಆಗುವುದಿಲ್ಲ. ಎರಡೂ ಬದಿ ತೆರೆದಿದೆ. ಬೆಳಗ್ಗೆ ಪೂರ್ವದ ಬದಿಗೆ ಮುಖ ಮಾಡಿಸಿ, ಅಂಚಿನಿಂದ ಎರಡು ಹೆಜ್ಜೆ ಒಳಗೆ ನಿಲ್ಲಿಸಿದರೆ ಸಾಕು. "ಫ್ಲೈಓವರ್ ಕೆಳಗಾ?" ಅಂತ ಮೂಗು ಮುರಿಯುವವರು ಫೋಟೋ ಬಂದ ಮೇಲೆ ಯಾವ ಸ್ಟುಡಿಯೋ ಅಂತ ಕೇಳುತ್ತಾರೆ. ಸ್ಟ್ಯಾಂಡು, ಛತ್ರಿ, ಲೈಟು ಎಲ್ಲ ಹೊತ್ತುಕೊಂಡು ಹೋದರೆ ವಾಚ್‌ಮನ್ ತಡೆಯಬಹುದು. ಮೊದಲೇ ವಿಚಾರಿಸಿ.

ದಾದರ್ ಹೂವಿನ ಮಾರ್ಕೆಟ್ಟಿಗೂ ಹೊತ್ತು ಇದೆ. ಎಲ್ಲರೂ ಎಂಟು ಗಂಟೆಗೆ ಹೋಗುತ್ತಾರೆ. ಚೆಂಡುಹೂವಿನ ರಾಶಿ ಆಗಲೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಸೂರ್ಯ ಹುಟ್ಟುವ ಮೊದಲಿನ ಇಪ್ಪತ್ತು ನಿಮಿಷ ಒಮ್ಮೆ ನೋಡಿ. ಜನವರಿಯಲ್ಲಾದರೆ ಸೂರ್ಯೋದಯ ಏಳೂಕಾಲರ ಸುಮಾರಿಗೆ, ಜೂನ್ ಶುರುವಿನಲ್ಲಿ ಆರಕ್ಕೆ. ಅಂಗಡಿಯ ಬಲ್ಬು ಹಳದಿ, ಮೇಲಿನ ಆಕಾಶ ನೀಲಿ, ಎರಡರ ಬೆಳಕೂ ಒಂದೇ ಅಳತೆಗೆ ಬಂದಿರುತ್ತದೆ. ಹೂವಿನ ಮೇಲೆ ಬಲ್ಬಿನ ಬೆಳಕು, ಮಾರುವವನ ಬೆನ್ನಿನ ಮೇಲೆ ನೀಲಿ. ಬೆಳಕು ಹರಿದಂತೆ ಬಲ್ಬು ಸೋಲುತ್ತದೆ, ಆಟ ಮುಗಿಯಿತು. ಒಂದು ಮಾತು, ಅದು ಅವರ ವ್ಯಾಪಾರದ ಬಿಸಿ ಹೊತ್ತು. ದಾರಿಗೆ ಅಡ್ಡ ನಿಂತರೆ ತಲೆ ಮೇಲಿನ ಬುಟ್ಟಿ ನಿಮ್ಮ ತಲೆಗೇ ಬಡಿಯುತ್ತದೆ, ಮರಾಠಿಯಲ್ಲಿ ಬೈಗುಳ ಬೇರೆ. ಮೊದಲು ಒಂದು ಮೊಳ ಹೂವು ಕೊಳ್ಳಿ, ಆಮೇಲೆ "ಫೋಟೋ ಕಾಢೂ ಕಾ?" ಅಂತ ಕೇಳಿ. ಬೇಡ ಅಂದರೆ ಬೇಡ.

ಗಿರ್ಗಾಂವ್‌ನ ಖೋತಾಚಿವಾಡಿ, ಬಾಂದ್ರಾದ ರಣವಾರ್ ಥರದ ಹಳೇ ಮನೆಗಳ ಓಣಿಗಳಿಗೆ ಹೋಗುವವರಿಗೂ ಇದೇ ಮಾತು. ಅದು ಸೆಟ್ ಅಲ್ಲ, ಜನ ಒಳಗೆ ಊಟ ಮಾಡುತ್ತಿರುತ್ತಾರೆ. ಯಾರದೋ ಮನೆ ಮೆಟ್ಟಿಲ ಮೇಲೆ ಮೂರು ಸಲ ಡ್ರೆಸ್ ಬದಲಿಸುವ ಜೋಡಿಗಳನ್ನು ಕಂಡರೆ ನನಗೇ ನಾಚಿಕೆಯಾಗುತ್ತದೆ. ರೈಲ್ವೆ ಸ್ಟೇಷನ್ ಒಳಗೆ ದುಡ್ಡಿಗಾಗಿ ಮಾಡುವ ಶೂಟ್‌ಗೆ ಅನುಮತಿ ಬೇಕು, ಡ್ರೋನ್ ಅಂತೂ ಈ ಊರಿನಲ್ಲಿ ಪೊಲೀಸರನ್ನು ಕೇಳದೆ ಚೀಲದಿಂದ ತೆಗೆಯಲೇಬೇಡಿ. ನಿಯಮ ಆಗಾಗ ಬದಲಾಗುತ್ತದೆ, ನಾನು ಹೇಳಿದೆ ಅಂತ ಧೈರ್ಯ ಮಾಡಬೇಡಿ.

ಮಳೆಗಾಲದಲ್ಲಿ ಈ ದಿಕ್ಕಿನ ಲೆಕ್ಕವೆಲ್ಲ ಹೆಚ್ಚು ಕಡಿಮೆ ರಜೆ. ಮೋಡವೇ ದೊಡ್ಡ ಪರದೆ, ಮಧ್ಯಾಹ್ನ ಹನ್ನೆರಡಕ್ಕೂ ಫೈವ್ ಗಾರ್ಡನ್ಸ್‌ನ ಮರಗಳ ಕೆಳಗೆ ಆರಾಮಾಗಿ ಫೋಟೋ ತೆಗೆಯಬಹುದು. ಆದರೆ ಜುಲೈನಲ್ಲಿ ಯಾರೂ ನನಗೆ ಮೆಸೇಜು ಮಾಡುವುದಿಲ್ಲ, "ಮಳೆ ನಿಲ್ಲಲಿ ಅಣ್ಣ" ಅನ್ನುತ್ತಾರೆ. ಅಕ್ಟೋಬರ್ ಬಂತೋ, ಸುಡುವ ಬಿಸಿಲಿನಲ್ಲಿ ಹನ್ನೆರಡು ಗಂಟೆಗೆ ಸ್ಪಾಟ್ ಕೇಳುವುದು ಮತ್ತೆ ಶುರು.