ಮೋಟಾರು ತೊಟ್ಟಿಲಿಗೆ ನಗು ಕಾಣುವುದಿಲ್ಲ

ಹೊಸನಗರದ ಕಡೆಯ ಬಾಣಂತಿಯೊಬ್ಬರು ಮೊನ್ನೆ ಮಗುವಿಗೆ ಚುಚ್ಚುಮದ್ದು ಹಾಕಿಸಿದ ಮೇಲೂ ಎದ್ದು ಹೋಗಲಿಲ್ಲ. “ಡಾಕ್ಟ್ರೇ, ಕರೆಂಟ್ ತೊಟ್ಟಿಲು ತಂದಿದ್ದೀವಿ. ತಪ್ಪಾ?” ಅಂತ ಮೆಲ್ಲಗೆ ಕೇಳಿದರು. ಗಂಡ ತೋಟದಲ್ಲಿ, ಅತ್ತೆಗೆ ಮಂಡಿನೋವು, ಪಕ್ಕದ ಮನೆ ಅರ್ಧ ಕಿಲೋಮೀಟರ್ ದೂರ.

ತಪ್ಪೇನಿಲ್ಲ ಅಂದೆ. ತಾಯಿ ಒಬ್ಬಳೇ ಮಗು ಸಾಕಬೇಕು ಅನ್ನುವುದೇ ಹೊಸ ಪದ್ಧತಿ.

ಚಿಂಪಾಂಜಿ ತಾಯಿ ಮೊದಲ ಕೆಲವು ತಿಂಗಳು ಮರಿಯನ್ನು ಬೇರೆಯವರಿಗೆ ಕೊಡುವುದೇ ಅಪರೂಪ. ಅದರ ಎರಡು ಹೆರಿಗೆಗಳ ನಡುವೆ ಐದಾರು ವರ್ಷ. ಬೇಟೆ, ಗೆಡ್ಡೆಗೆಣಸು ನಂಬಿದ ಜನರಲ್ಲಿ ಮೂರ್ನಾಲ್ಕೇ ವರ್ಷ. ಮೊದಲನೆಯದಕ್ಕೆ ತನ್ನ ಊಟ ಹುಡುಕಿಕೊಳ್ಳಲು ಬರುವುದಿಲ್ಲ, ಆಗಲೇ ಇನ್ನೊಂದು! ತಾಯಿ ಒಬ್ಬಳಿಂದ ಹೇಗಾದೀತು? ಹೀಗೇ ಬದುಕುವ ಟಾಂಜಾನಿಯಾದ ಹಡ್ಜಾ ಜನರಲ್ಲಿ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ಕಂಡಿದ್ದು, ಗೆಡ್ಡೆ ಅಗೆದು ಮೊಮ್ಮಕ್ಕಳ ಹೊಟ್ಟೆ ತುಂಬಿಸುತ್ತಿದ್ದ ಅಜ್ಜಿಯರನ್ನು. ಇನ್ನೊಬ್ಬ ಮಾನವಶಾಸ್ತ್ರಜ್ಞೆ ಸಾರಾ ಹರ್ಡಿ ಅವರ ವಾದ ನನಗೆ ಇನ್ನೂ ಇಷ್ಟ. ಹಲವರ ಕೈಯಲ್ಲಿ ಬೆಳೆಯಬೇಕಾದ್ದರಿಂದಲೇ ಮನುಷ್ಯರ ಕೂಸು ಮುಖ ಓದುವುದರಲ್ಲಿ ಜಾಣ ಆಯಿತಂತೆ. ಯಾರಿಗೆ ನಕ್ಕರೆ ಎತ್ತಿಕೊಳ್ಳುತ್ತಾರೆ ಅಂತ ಅದಕ್ಕೆ ಗೊತ್ತಾಗಬೇಕಲ್ವಾ?

ನಮ್ಮ ಮಲೆನಾಡಲ್ಲಿ ಇದನ್ನು ಅಡಿಕೆ ಸುಲಿಯುವಲ್ಲಿ ನೋಡಬೇಕಿತ್ತು. ಕೊಯ್ಲಿನ ಕಾಲಕ್ಕೆ ರಾತ್ರಿ ಹತ್ತು ಹೆಂಗಸರು ಮೆಟ್ಟುಗತ್ತಿ ಹಿಡಿದು ಸಾಲಾಗಿ ಕೂರುತ್ತಿದ್ದರು. ಯಾರ ಬೆರಳು ನೋಯುತ್ತದೋ ಅವರ ಮಡಿಲಿಗೆ ಕೂಸು. ಕಾಫಿ ಬರುವಷ್ಟರಲ್ಲಿ ಅದು ನಾಲ್ಕು ಸೀರೆ ಒದ್ದೆ ಮಾಡಿರುತ್ತಿತ್ತು. ಆಮೇಲೆ ಸುಲಿಯುವ ಮೆಷಿನ್ ಬಂತು. ಕೆಲಸ ಹಗುರಾಯಿತು, ಸುಮ್ನೆ ಬೈಯಲಾರೆ. ಆದರೆ ಆ ಮಡಿಲುಗಳೂ ಮನೆಗೆ ಹೋದವು.

ಅವುಗಳ ಜಾಗಕ್ಕೆ ಈಗ ಮೋಟಾರು ಬಂದಿದೆ. ಸೀರೆ ಜೋಲಿಯೂ ಒಂದು ಉಪಕರಣವೇ ಬಿಡಿ. ಆದರೆ ಮಗು ನಕ್ಕರೆ ತೊಟ್ಟಿಲು ತಿರುಗಿ ನಗುವುದಿಲ್ಲ. ಅಮ್ಮ ಸ್ನಾನ, ಊಟ ಮುಗಿಸುವಷ್ಟು ಹೊತ್ತು ತೂಗಲಿ. ನಿದ್ದೆ ಬಂದ ಮೇಲೆ ಸಮತಟ್ಟಾದ ಹಾಸಿಗೆಗೆ ಬದಲಿಸಿ, ಅಂಗಾತ ಮಲಗಿಸಿ. ಬಾಗಿದ ಜಾಗದಲ್ಲಿ ಗದ್ದ ಎದೆಗೆ ಒತ್ತಿದರೆ ಎಳೆಗೂಸಿಗೆ ಉಸಿರು ಕಷ್ಟ. ತೊಟ್ಟಿಲ ಸರಳಿಗೆ ಮೊಬೈಲ್ ಕಟ್ಟುವುದು ಮಾತ್ರ ಬೇಡವೇ ಬೇಡ. ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

“ಅತ್ತೆ ಎಲ್ಲಿ?” ಅಂದೆ. ಹೊರಗೆ ಬೆಂಚಿನ ಮೇಲಿದ್ದರು. “ಮಗು ಎತ್ತಿ ಓಡಾಡೋಕೆ ಆಗಲ್ಲ ಡಾಕ್ಟ್ರೇ” ಅಂದರು. ಓಡಾಡುವುದು ಬೇಡ, ಕೂತಲ್ಲೇ ಮಾತಾಡಿಸಿ ಅಂತ ಕೂಸನ್ನು ಅವರ ಮಡಿಲಿಗಿಟ್ಟೆ. ಅದು ಮೊದಲು ಕೈ ಹಾಕಿದ್ದು ಅಜ್ಜಿಯ ಮೂಗುಬೊಟ್ಟಿಗೆ.