ಲಿನಕ್ಸ್ ಸರ್ವರ್‌ನಲ್ಲಿ ಸರ್ವೀಸ್‌ಗಳ ಲೆಕ್ಕ: ಪಿಐಡಿ ಫೈಲ್‌ನಿಂದ ಸಿಗ್ರೂಪ್‌ವರೆಗೆ

ಲಿನಕ್ಸ್ ಸರ್ವರ್ ಬೂಟ್ ಆಗುವಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಮೊದಲು ಶುರು ಮಾಡುವ ಪ್ರೋಗ್ರಾಂ ಇನಿಟ್. ಓಡುತ್ತಿರುವ ಪ್ರತಿ ಪ್ರೋಗ್ರಾಂಗೂ, ಅಂದರೆ ಪ್ರೊಸೆಸ್‌ಗೂ, ಒಂದು ಸಂಖ್ಯೆ (ಪಿಐಡಿ) ಇರುತ್ತದೆ; ಇನಿಟ್‌ನದು 1. ವೆಬ್ ಸರ್ವರ್, ಡೇಟಾಬೇಸ್, ದೂರದಿಂದ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್, ಹೀಗೆ ಹಿನ್ನೆಲೆಯಲ್ಲಿ ಓಡುವ ಸರ್ವೀಸ್‌ಗಳೆಲ್ಲವನ್ನೂ ಎಬ್ಬಿಸುವ ಹೊಣೆ ಅದರದು. ಎಬ್ಬಿಸುವುದೇನೋ ಸುಲಭ. ಎದ್ದದ್ದು ಇನ್ನೂ ಓಡುತ್ತಿದೆಯೇ, ಅದರಿಂದ ಹುಟ್ಟಿದ ಪ್ರೊಸೆಸ್‌ಗಳು ಯಾವುವು ಎಂದು ಲೆಕ್ಕ ಇಡುವುದು ಕಷ್ಟ. ಯಾವ ಇನಿಟ್ ಒಳ್ಳೆಯದು ಎಂಬ ಜಗಳಗಳ ಬೇರು ಬಹುಮಟ್ಟಿಗೆ ಇಲ್ಲಿದೆ.

1983ರಲ್ಲಿ ಎಟಿ ಅಂಡ್ ಟಿ ಹೊರತಂದ ಯುನಿಕ್ಸ್ ಸಿಸ್ಟಮ್ ಫೈವ್‌ನ ಪದ್ಧತಿಯನ್ನೇ ಲಿನಕ್ಸ್ ಬಹುಕಾಲ ಅನುಸರಿಸಿತು. ಪ್ರತಿ ರನ್‌ಲೆವೆಲ್‌ಗೆ (ಸಿಸ್ಟಮ್ ಯಾವ ಸ್ಥಿತಿಯಲ್ಲಿ ಓಡಬೇಕೆಂಬ ಹಂತ) ಒಂದು ಫೋಲ್ಡರ್. ಅದರೊಳಗೆ ಶೆಲ್ ಸ್ಕ್ರಿಪ್ಟ್‌ಗಳಿಗೆ ಲಿಂಕ್‌ಗಳು. ಹೆಸರು ‘ಎಸ್’ನಿಂದ ಶುರುವಾದರೆ ಸ್ಟಾರ್ಟ್, ‘ಕೆ’ಯಿಂದಾದರೆ ಕಿಲ್. ಮುಂದಿನ ಎರಡು ಅಂಕಿ ಸರದಿ: ರೆಡ್ ಹ್ಯಾಟ್ ಎಂಬ ಲಿನಕ್ಸ್ ವಿತರಣೆಯಲ್ಲಿ ನೆಟ್‌ವರ್ಕ್‌ಗೆ 10, ಎಸ್‌ಎಸ್‌ಎಚ್‌ಗೆ 55, ಅಪಾಚೆ ವೆಬ್ ಸರ್ವರ್‌ಗೆ 85. ಒಂದು ಮುಗಿದ ಮೇಲೆ ಇನ್ನೊಂದು. ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ಸಿಗದೆ ಮೇಲ್ ಸರ್ವರ್ ಸೆಂಡ್‌ಮೇಲ್ ನಿಂತುಬಿಟ್ಟರೆ ಸರದಿಯಲ್ಲಿ ಅದರ ಹಿಂದೆ ನಿಂತವೆಲ್ಲ ಕಾಯಬೇಕು.

ನಿಧಾನ ಸಹಿಸಬಹುದಿತ್ತು, ಪಿಐಡಿ ಫೈಲ್ ಅದಕ್ಕಿಂತ ದೊಡ್ಡ ತಲೆನೋವು. ಹಿನ್ನೆಲೆಗೆ ಹೋಗುವ ಪ್ರೋಗ್ರಾಂ ಎರಡು ಸಲ ಫೋರ್ಕ್ ಆಗುತ್ತದೆ (ತನ್ನದೇ ಪ್ರತಿಯಾದ ಮರಿ ಪ್ರೊಸೆಸ್ ಹುಟ್ಟಿಸುತ್ತದೆ), ತಾಯಿ ಪ್ರೊಸೆಸ್ ಮುಗಿಯುತ್ತದೆ, ಉಳಿದ ಮರಿ ಇನಿಟ್‌ನ ಮಡಿಲಿಗೆ ಬೀಳುತ್ತದೆ. ಸ್ಕ್ರಿಪ್ಟ್‌ಗೆ ಉಳಿಯುವ ಗುರುತು /ವಾರ್/ರನ್ ಒಳಗಿನ ಫೈಲ್‌ನಲ್ಲಿ ಬರೆದಿಟ್ಟ ಸಂಖ್ಯೆ ಮಾತ್ರ. ಮೆಮೊರಿ ಸಾಲದೆ ಕರ್ನಲ್ ಆ ಪ್ರೊಸೆಸ್ಸನ್ನು ಕೊಂದರೆ ಫೈಲ್ ಹಾಗೇ ಉಳಿಯುತ್ತದೆ. ಅದೇ ಸಂಖ್ಯೆ ಮುಂದೆ ಬೇರೆ ಪ್ರೊಸೆಸ್‌ಗೆ ಸಿಕ್ಕಿತೆನ್ನಿ: ಸ್ಟಾರ್ಟ್ ಕೊಟ್ಟರೆ ‘ಆಗಲೇ ಓಡುತ್ತಿದೆ’ ಎಂಬ ಉತ್ತರ, ಸ್ಟಾಪ್ ಕೊಟ್ಟರೆ ಸಂಬಂಧವೇ ಇಲ್ಲದ ಪ್ರೊಸೆಸ್‌ಗೆ ಏಟು. ಸತ್ತದ್ದನ್ನು ಮತ್ತೆ ಎಬ್ಬಿಸುವ ‘ರೀಸ್ಪಾನ್’ ಸೌಲಭ್ಯ ಇನಿಟ್‌ನ ಸೆಟ್ಟಿಂಗ್ ಫೈಲಾದ ಇನಿಟ್‌ಟ್ಯಾಬ್‌ನಲ್ಲಿತ್ತು; ಆದರೆ ಹಿನ್ನೆಲೆಗೆ ಜಾರದ ಪ್ರೋಗ್ರಾಂಗಳಿಗಷ್ಟೇ ಅದು ಒಗ್ಗುತ್ತಿತ್ತು. ಹಾಗಾಗಿ ಹೆಚ್ಚಿನ ಸರ್ವೀಸ್‌ಗಳು ರಾತ್ರಿ ಬಿದ್ದರೆ ಬೆಳಗ್ಗೆ ಯಾರಾದರೂ ನೋಡುವವರೆಗೆ ಬಿದ್ದೇ ಇರುತ್ತಿದ್ದವು.

ಹಳೆಯ ಇನಿಟ್‌ಗೆ ಬದಲಿಯಾಗಿ 2005ರಲ್ಲಿ ಸೋಲಾರಿಸ್ 10 ಎಂಬ ಯುನಿಕ್ಸ್ ಎಸ್‌ಎಂಎಫ್ ತಂದಿತು, ಆಪಲ್ ಲಾಂಚ್‌ಡಿ ತಂದಿತು. 2006ರಲ್ಲಿ ಉಬುಂಟು 6.10ರ ಜೊತೆ ಅಪ್‌ಸ್ಟಾರ್ಟ್ ಬಂತು. ರೆಡ್ ಹ್ಯಾಟ್ ಕೂಡ ತನ್ನ 6ನೇ ಆವೃತ್ತಿಯಲ್ಲಿ ಅದನ್ನು ಬಳಸಿತು. ಪ್ರೋಗ್ರಾಂ ಎಷ್ಟು ಸಲ ಫೋರ್ಕ್ ಆಗುತ್ತದೆಂದು ನಾವು ಮೊದಲೇ ತಿಳಿಸಬೇಕಿತ್ತು, ಅಪ್‌ಸ್ಟಾರ್ಟ್ ಪ್ರೊಸೆಸ್ ಮೇಲೆ ಕಣ್ಣಿಡುವ ಪಿಟ್ರೇಸ್ ಎಂಬ ಕರ್ನಲ್ ಸೌಲಭ್ಯದ ಮೂಲಕ ಎಣಿಸುತ್ತಿತ್ತು. ಒಂದು ಎಂದಲ್ಲಿ ಎರಡು ಬರೆದರೆ ಮುಗಿಯಿತು: ಇಲ್ಲದ ಪ್ರೊಸೆಸ್ಸನ್ನೇ ಕಾಯುತ್ತಾ ಕಮಾಂಡ್ ನೇತಾಡುತ್ತಿತ್ತು, ಎಷ್ಟೋ ಸಲ ರೀಬೂಟ್ ಮಾಡದೆ ಬಿಡಿಸಲಾಗುತ್ತಿರಲಿಲ್ಲ.

ನಿಜವಾದ ಪರಿಹಾರ ಹುಟ್ಟಿದ್ದು ಕರ್ನಲ್‌ನಲ್ಲಿ. ಗೂಗಲ್ ಎಂಜಿನಿಯರ್‌ಗಳು ಶುರುಮಾಡಿದ, ಪ್ರೊಸೆಸ್‌ಗಳನ್ನು ಗುಂಪು ಮಾಡಿ ಇಡುವ ಸಿಗ್ರೂಪ್ 2008ರ 2.6.24 ಆವೃತ್ತಿಯಲ್ಲಿ ಸೇರಿತು. ಒಂದು ಗುಂಪಿನಲ್ಲಿ ಹುಟ್ಟಿದ ಪ್ರೊಸೆಸ್ ಎಷ್ಟು ಸಲ ಫೋರ್ಕ್ ಆದರೂ ಅದೇ ಗುಂಪಿನಲ್ಲಿ ಉಳಿಯುತ್ತದೆ. ಲೆನಾರ್ಟ್ ಪೋಟ್ಟರಿಂಗ್ ಮತ್ತು ಕೇ ಸೀವರ್ಸ್ 2010ರಲ್ಲಿ ಹೊರತಂದ ಹೊಸ ಇನಿಟ್ ಸಿಸ್ಟಮ್‌ಡಿ ಪ್ರತಿ ಸರ್ವೀಸ್‌ಗೂ ಇಂಥ ಒಂದು ಗುಂಪು ಕೊಟ್ಟಿತು. 2011ರಲ್ಲಿ ಫೆಡೋರಾ 15, 2014ರಲ್ಲಿ ರೆಡ್ ಹ್ಯಾಟ್ 7 ಅದನ್ನು ಒಪ್ಪಿದವು. ಇನ್ನೊಂದು ವಿತರಣೆಯಾದ ಡೆಬಿಯನ್‌ನ ತಾಂತ್ರಿಕ ಸಮಿತಿಯಲ್ಲಿ 2014ರ ಫೆಬ್ರವರಿಯಲ್ಲಿ ಮತ ಸಮವಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಒಪ್ಪದವರು ಸಿಸ್ಟಮ್‌ಡಿ ಇಲ್ಲದ ಡೆವುವಾನ್ ವಿತರಣೆ ಕಟ್ಟಿಕೊಂಡರು. ಒಂದೇ ಯೋಜನೆ ಇಷ್ಟೆಲ್ಲ ಕೆಲಸ ಮೈಮೇಲೆ ಎಳೆದುಕೊಳ್ಳಬಾರದು ಎಂಬ ಅವರ ಆಕ್ಷೇಪದಲ್ಲಿ ಹುರುಳಿದೆ. ಆದರೆ ಪ್ರೊಸೆಸ್‌ಗಳ ಲೆಕ್ಕದ ವಿಷಯದಲ್ಲಿ ಹಳೆಯ ಸ್ಕ್ರಿಪ್ಟ್‌ಗಳ ಪರ ವಾದಿಸಲು ಏನೂ ಉಳಿದಿಲ್ಲ.

ಹಾಗಿದ್ದೂ ಇವತ್ತು ಕಾಣುವ ತೊಂದರೆಗಳಲ್ಲಿ ಹಲವು ಹಳೆಯ ಅಭ್ಯಾಸದಿಂದ ಬಂದವು. ಮುಖ್ಯವಾದದ್ದು, ಸರ್ವೀಸನ್ನು ಹೇಗೆ ಓಡಿಸಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಯೂನಿಟ್ ಫೈಲ್‌ನ ‘ಟೈಪ್’ ಸಾಲು. ಮುನ್ನೆಲೆಯಲ್ಲೇ ಓಡುವ ಪ್ರೋಗ್ರಾಂಗೆ ‘ಫೋರ್ಕಿಂಗ್’ ಎಂದು ಬರೆದರೆ, ತಾಯಿ ಪ್ರೊಸೆಸ್ ಮುಗಿಯಲಿ ಎಂದು ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾದು, ಚೆನ್ನಾಗಿ ಓಡುತ್ತಿರುವ ಸರ್ವೀಸನ್ನೇ ಕೊಲ್ಲುತ್ತದೆ. ತಾನೇ ಹಿನ್ನೆಲೆಗೆ ಜಾರುವ ಪ್ರೋಗ್ರಾಂಗೆ ‘ಸಿಂಪಲ್’ ಎಂದರೆ ತಾಯಿ ಹೋದೊಡನೆ ಕೆಲಸ ಮುಗಿಯಿತೆಂದು ತಿಳಿದು ಗುಂಪಿನಲ್ಲಿ ಉಳಿದ ಮರಿಗಳನ್ನೂ ಗುಡಿಸಿಹಾಕುತ್ತದೆ.

ಎರಡನೆಯದು, ಬಿದ್ದ ಸರ್ವೀಸನ್ನು ಮತ್ತೆ ಎಬ್ಬಿಸುವ ‘ರೀಸ್ಟಾರ್ಟ್’ ಸಾಲು. ಎರಡು ಯತ್ನಗಳ ನಡುವಿನ ಬಿಡುವು ಹೇಳದಿದ್ದರೆ 100 ಮಿಲಿಸೆಕೆಂಡ್. 10 ಸೆಕೆಂಡ್‌ನಲ್ಲಿ 5 ಸಲಕ್ಕಿಂತ ಹೆಚ್ಚು ಶುರು ಮಾಡಲು ಬಿಡುವುದಿಲ್ಲ. ಡೇಟಾಬೇಸ್ ಏಳುವುದು ಎರಡೇ ಸೆಕೆಂಡ್ ತಡವಾದರೂ, ಅದನ್ನು ನಂಬಿದ ಆ್ಯಪ್ ಐದು ಸಲ ಬಿದ್ದು ‘ಫೇಲ್ಡ್’ ಆಗಿ ಮಲಗಬಹುದು. ಬಿಡುವನ್ನು ಸೆಕೆಂಡ್‌ನಲ್ಲಿ ಹೇಳುವ ‘ರೀಸ್ಟಾರ್ಟ್‌ಸೆಕ್’ 5 ಎಂದು ಬರೆದರೆ ಆ ಮಿತಿ ಮುಟ್ಟುವುದೇ ಇಲ್ಲ.

ಮೂರನೆಯದು ‘ಆಫ್ಟರ್’ ಸಾಲು. ಅದು ಹಳೆಯ ಎರಡಂಕಿಯ ಹಾಗೆ ಸರದಿಯನ್ನಷ್ಟೇ ಹೇಳುತ್ತದೆ. ಬೇಕಾದ ಸರ್ವೀಸನ್ನು ಎಬ್ಬಿಸುವುದಿಲ್ಲ. ಅದಕ್ಕೆ ‘ವಾಂಟ್ಸ್’ ಅಥವಾ ‘ರಿಕ್ವೈರ್ಸ್’ ಜೊತೆಗಿರಬೇಕು. ಬೂಟ್‌ನ ಒಂದು ಘಟ್ಟವನ್ನು ಗುರುತಿಸುವ ‘ನೆಟ್‌ವರ್ಕ್.ಟಾರ್ಗೆಟ್’ ಮುಗಿದಾಗ ಐಪಿ ವಿಳಾಸ ಸಿಕ್ಕಿದೆ ಎಂಬ ಖಾತ್ರಿಯಿಲ್ಲ. ನಿರ್ದಿಷ್ಟ ವಿಳಾಸಕ್ಕೆ ಕಟ್ಟಿಕೊಳ್ಳುವ ಸರ್ವೀಸ್‌ಗೆ ‘ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’ ಅನ್ನು ಆಫ್ಟರ್, ವಾಂಟ್ಸ್ ಎರಡರಲ್ಲೂ ಹಾಕಿ.

ಹಳೆಯ ಸ್ಕ್ರಿಪ್ಟನ್ನು ಯೂನಿಟ್ ಆಗಿಸುವಾಗ ಮೊದಲು ಪ್ರೋಗ್ರಾಂ ಮುನ್ನೆಲೆಯಲ್ಲಿ ಓಡುವ ಆಯ್ಕೆ ಹುಡುಕಿ. ಎನ್‌ಜಿನ್‌ಎಕ್ಸ್ ವೆಬ್ ಸರ್ವರ್‌ನಲ್ಲಿ ಅದು ‘ಡೀಮನ್ ಆಫ್’. ಆಗ ಪಿಐಡಿ ಫೈಲ್‌ನ ಹಂಗಿಲ್ಲದೆ ‘ಸಿಂಪಲ್’ ಸಾಕು. ಪ್ರೋಗ್ರಾಂ ಓಡಿಸುವ ಕಮಾಂಡ್ ಇರುವ ‘ಎಕ್ಸೆಕ್‌ಸ್ಟಾರ್ಟ್’ ಸಾಲನ್ನು ಶೆಲ್ ಓದುವುದಿಲ್ಲ, ಪೈಪ್ ಚಿಹ್ನೆಯಾಗಲಿ ಔಟ್‌ಪುಟ್ ತಿರುಗಿಸುವ ಬಾಣವಾಗಲಿ ಅಲ್ಲಿ ನಡೆಯದು. ಫೈಲನ್ನು /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್ ಒಳಗೆ ಇಟ್ಟು, ಯೂನಿಟ್ ಫೈಲ್‌ಗಳನ್ನು ಮತ್ತೆ ಓದಿಸುವ ಡೀಮನ್-ರೀಲೋಡ್ ಕೊಟ್ಟು, ‘ಎನೇಬಲ್ --ನೌ’ ಮಾಡಿ. ಬರೀ ಎನೇಬಲ್ ಕೊಟ್ಟರೆ ಸರ್ವೀಸ್ ಈಗಲ್ಲ, ಮುಂದಿನ ಬೂಟ್‌ನಿಂದಷ್ಟೇ ಏಳುತ್ತದೆ. ಕೊನೆಗೆ ಸ್ಟೇಟಸ್ ಕಮಾಂಡ್ ತೋರಿಸುವ ಸಿಗ್ರೂಪ್ ಮರ ನೋಡಿ: ಸರ್ವೀಸ್‌ನ ಪ್ರೊಸೆಸ್‌ಗಳೆಲ್ಲ ಅಲ್ಲಿರಬೇಕು. ನಂತರ ಒಮ್ಮೆ ನಿಜವಾಗಿ ರೀಬೂಟ್ ಮಾಡಿ, ಅದೇ ಮರ ಮತ್ತೆ ಬಂದಿದೆಯೇ ಪರೀಕ್ಷಿಸಿ.